ಖಾಲಿ ಶಾಲೆಯ ಹಾಡಿಗೆ ಅನುಮತಿ

ಕೂಗು ಕೇಳಿದರೆ ಸಾಕು, ಹಕ್ಕಿ ಗಂಡೋ ಹೆಣ್ಣೋ ಹೇಳಬಲ್ಲ ಕಿವಿ ನನ್ನದು. ಮೂಡಿಗೆರೆ ಸುತ್ತ ಇಂಥದು ಇನ್ನೊಂದಿಲ್ಲ. ಕಳಸದಲ್ಲಿ ಟೀಚರಾಗಿರುವ ಅಣ್ಣನ ಮಗಳು ಸುಮಿತ್ರಾ ಪಾಠಕ್ಕೆ ಹಕ್ಕಿಗಳ ದನಿ ಕೇಳಿದಾಗ, ಕುದುರೆಮುಖದ ಪಾಳು ಶಾಲೆಯೊಂದರಲ್ಲಿ ಕೂತು ರೆಕಾರ್ಡ್ ಮಾಡಿ ತಂದೆ. ಎಲ್ಲ ಶಾಲೆಗಳಿಗೂ ಸಿಗಲೆಂದು ಅವಳು ಇಂಟರ್ನೆಟ್ಟಿಗೆ ಹಾಕಿದ ಕೂಡಲೇ ತಡೆ ಬಂತು: "ಇದರಲ್ಲಿ ಬೇರೆಯವರ ಹಾಡಿದೆ. ಅನುಮತಿ ಬೇಕು."

"ಎಲ್ಲಿದೆ ಹಾಡು? ಯಂತ್ರಕ್ಕೆ ಕಿವುಡು ಮಾರಾಯ್ತಿ!"

ಸುಮಿತ್ರಾ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಮುಖ ಬಿಳುಚಿತು.

"ಚಿಕ್ಕಪ್ಪ, ಹಕ್ಕಿಗಳ ದನಿ ಹಿಂದೆ ಹಾಡು ಕೇಳ್ತಿದೆ. ಚಿಕ್ಕವಳಾಗಿ ಆ ಶಾಲೆಯಲ್ಲೇ ಓದುವಾಗ ನಾವು ಹಾಡ್ತಿದ್ದ ಪ್ರಾರ್ಥನೆ ಇದು. ನಮ್ಮ ಮೇಷ್ಟ್ರೇ ಕಟ್ಟಿದ್ದು. ಅವ್ರು ತೀರಿಕೊಂಡು ಎಷ್ಟೋ ವರ್ಷ ಆಯ್ತು."

"ಹಾಗಾದ್ರೆ ಅನುಮತಿ ಯಾರನ್ನ ಕೇಳ್ತೀಯ?"

"ಅವ್ರನ್ನೇ."

ಧೈರ್ಯದಲ್ಲಿ ನನ್ನ ಮೀರಿಸುವವರಿಲ್ಲ. ಅವಳನ್ನು ಮುಂದೆ ಬಿಟ್ಟುಕೊಂಡು ಅಲ್ಲಿಗೆ ಹೋದೆ. ಖಾಲಿ ಕೋಣೆಯ ಬಾಗಿಲಲ್ಲಿ ನಿಂತು ಅವಳು ಕೇಳಿದಳು: "ಮೇಷ್ಟ್ರೇ, ಮಕ್ಕಳ ಪಾಠಕ್ಕೆ ನಿಮ್ಮ ಹಾಡು ಬಳಸ್ಲಾ?"

ಹಕ್ಕಿಗಳೆಲ್ಲ ಒಟ್ಟಿಗೇ ಸುಮ್ಮನಾದವು.

ಮನೆಗೆ ಬಂದು ನೋಡಿದರೆ ತಡೆ ಹೋಗಿತ್ತು. "ಬಳಸಬಹುದು. ಹಾಡು ಕಟ್ಟಿದವರ ಹೆಸರು ಹಾಕಿ," ಅಂತಿತ್ತು. ಸುಮಿತ್ರಾ ಮೇಷ್ಟ್ರ ಹೆಸರು ಹಾಕಿದಳು. ಅದರ ಕೆಳಗೆ, ರೆಕಾರ್ಡ್ ಮಾಡಿದವರು ಅಂತ ನನ್ನದೂ ಇದೆ, ದಪ್ಪಕ್ಷರದಲ್ಲಿ. ಹಕ್ಕಿಗಳ ಅನುಮತಿ ಮಾತ್ರ ಕೇಳಿಲ್ಲ; ಅದಕ್ಕೆ ಇನ್ನೊಮ್ಮೆ ಅಲ್ಲಿಗೆ ಹೋಗಬೇಕಲ್ಲ!