ಬೀಗ ಹಾಕಿದ ಮನೆಯಲ್ಲಿ ಬಾಣಂತಿ ವಾಸನೆ

ನನ್ನ ಜಯಮ್ಮ ಹೆತ್ತಳು! ಹೆಣ್ಣು ಮಗು, ಕೆಂಪಗೆ, ಕೈತುಂಬ ಇದೆ. ಇವತ್ತು ಬೆಳಿಗ್ಗೆ ತಾಯಿ ಮಗು ಇಬ್ಬರೂ ಆಸ್ಪತ್ರೆಯಿಂದ ಪುಟ್ಟೇನಹಳ್ಳಿಯ ನಮ್ಮ ಮನೆಗೆ ಬಂದರು. ನಾನು ಅಜ್ಜಿಯಾದೆ! ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಶಕುನ, ಗಾಳಿ, ದೆವ್ವ ಎಂದರೆ ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ.

ಜಯಮ್ಮನಿಗೆ ಹದಿನಾರು ತುಂಬಿದ ವರ್ಷ ಹೊಟ್ಟೆ ಊದತೊಡಗಿತು. ಊರಿನವರು ಏನೇನೋ ಆಡಿಕೊಂಡರು. ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ಅಂಡಾಶಯದಲ್ಲಿ ನೀರುಗಡ್ಡೆ ಬೆಳೆದಿದೆ, ನಾಳೆಯೇ ಸೇರಿಸಿ, ಆಪರೇಷನ್ ಆಗಬೇಕು ಎಂದರು. "ಎರಡು ಕಡೇನೂ ಇದೆಯಮ್ಮ. ತೆರೆದು ನೋಡೋವರೆಗೂ ಏನೂ ಹೇಳೋಕಾಗಲ್ಲ. ಎರಡೂ ತೆಗೆದ್ರೆ ಮುಂದೆ ಮಕ್ಕಳಾಗಲ್ಲ."

ಹುಡುಗಿ ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡಳು. ಬಸ್ಸಿನಲ್ಲಿ ಒಂದೇ ಮಾತು ಆಡಿದಳು: "ಅವ್ವಾ, ನನ್ನ ಯಾರಿಗೂ ಕೊಡ್ಬೇಡ. ಇಲ್ಲೇ ಇಟ್ಕೋ."

ಮಧ್ಯಾಹ್ನ ಮನೆ ಸೇರಿದೆವು. ಬೆಳಗಿನಿಂದ ಬೀಗ ಹಾಕಿದ್ದ ಮನೆ. ಯಜಮಾನರು ಬಾಗಿಲು ತೆಗೆದರು. ಒಳಗಿನಿಂದ ಬಾಣಂತಿ ಮನೆಯ ವಾಸನೆ ಘಮ್ಮೆಂದು ಬಂತು. ಸಾಂಬ್ರಾಣಿ ಹೊಗೆ, ಕೂಸಿಗೆ ತೇಯುವ ಬಜೆ, ಕಾದ ಹರಳೆಣ್ಣೆ. ಹೆತ್ತವಳಿಗೆ ಅದರ ಗುರುತು ತಪ್ಪುವುದಿಲ್ಲ. ಜಯಮ್ಮ ನಮಗೆ ಒಬ್ಬಳೇ. ಅವಳಾದ ಮೇಲೆ ಆ ಮನೆಯಲ್ಲಿ ಯಾರೂ ಬಜೆ ತೇಯ್ದಿರಲಿಲ್ಲ. ಒಲೆ ಮುಟ್ಟಿ ನೋಡಿದೆ, ತಣ್ಣಗಿತ್ತು. "ಯಾರೇ ಬಂದಿದ್ರು ಮನೆಗೆ?" ಎನ್ನುತ್ತ ಯಜಮಾನರು ಹಿತ್ತಲಿಗೆ ಹೋಗಿ ಹುಡುಕಿ ಬಂದರು.

ನಾನು ಪಕ್ಕದ ಮನೆಗೆ ಓಡಿದೆ. "ನಿಮ್ಮನೇಲಿ ಯಾರಾದ್ರೂ ಬಾಣಂತಿ ಇದಾರೇನಕ್ಕ?"

"ಬಾಣಂತೀನ ನಮ್ಮನೇಲಿ ಯಾಕೆ ಹುಡುಕ್ತೀಯೇ? ಮೊದ್ಲು ನಿನ್ ಮಗಳ ಹೊಟ್ಟೆ ನೋಡ್ಕೋ ಹೋಗು" ಎಂದಳು ಆಕೆ.

ಅಳುತ್ತ ಮರಳಿ ಬಂದೆ. ವಾಸನೆ ಹೋಗಿತ್ತು. ಜಯಮ್ಮ ಗೋಡೆಗೆ ಒರಗಿ, ಎಷ್ಟೋ ದಿನಗಳ ಮೇಲೆ ನಿದ್ದೆ ಹೋಗಿದ್ದಳು.

ಆಪರೇಷನ್ನಿನಲ್ಲಿ ಒಂದು ಅಂಡಾಶಯ ಪೂರ್ತಿ, ಇನ್ನೊಂದರಲ್ಲಿ ಅರ್ಧ ಹೋಯಿತು. ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರಮ್ಮ. ನಾವೂ ಇಟ್ಟುಕೊಳ್ಳಲಿಲ್ಲ. ಹೆಣ್ಣು ನೋಡಲು ಬಂದವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆವು, ಎದ್ದು ಹೋದರು. ಕೊನೆಗೆ ಬನಶಂಕರಿ ಕಡೆಯ ಒಬ್ಬ ತರಕಾರಿ ವ್ಯಾಪಾರಿ, "ಆಗದಿದ್ರೆ ಬೇಡ ಬಿಡಿ" ಎಂದು ಅವಳನ್ನು ಕಟ್ಟಿಕೊಂಡ. ಅದಾದ ಮೇಲೂ ವರ್ಷಗಳು ಹೋದವು. ಬೇರೆಯವರ ಮನೆ ತೊಟ್ಟಿಲ ಶಾಸ್ತ್ರಕ್ಕೆ ಕರೆದರೆ ನಾನು ಹೋಗುವುದನ್ನೇ ಬಿಟ್ಟಿದ್ದೆ.

ಆ ವಾಸನೆ ಎಲ್ಲಿಂದ ಬಂತು? ನನಗೊಬ್ಬಳಿಗೇ ಬಂದಿದ್ದರೆ ಭ್ರಮೆ ಎನ್ನುತ್ತಿದ್ದೆ. ಯಜಮಾನರನ್ನು ಇವತ್ತು ಮತ್ತೆ ಕೇಳಿದೆ. "ನಂಗೂ ಗೊತ್ತಿಲ್ಲ ಕಣೇ" ಎಂದರು, ಅಷ್ಟೇ.

ಸಂಜೆ ಎಲ್ಲರೂ ಒಟ್ಟಿಗೆ ಉಂಡೆವು. ಅಳಿಯ ನಡುಮನೆಯಲ್ಲಿ, ಜಯಮ್ಮ ಕೋಣೆಯ ಬಾಗಿಲಲ್ಲಿ ಮೆಣಸಿನ ಸಾರನ್ನದ ತಟ್ಟೆ ಇಟ್ಟುಕೊಂಡು. ಯಜಮಾನರು ಮಾತ್ರ ಮಗುವನ್ನು ತೊಡೆಯಿಂದ ಇಳಿಸಲೇ ಇಲ್ಲ.

"ಕೊಡಿ ಇಲ್ಲಿ, ಮುದ್ದೆ ಆರೋಗುತ್ತೆ" ಎಂದೆ.

"ಆರ್ಲಿ ಬಿಡೇ" ಎಂದರು.