ಬಣ್ಣ ಇಡದ ಕೆನ್ನೆ

ನಾನು ಹಿಂದೂಪುರದಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವವನು. ಫ್ಲೆಕ್ಸು ಬಂದ ಮೇಲೂ ಕೈಯಲ್ಲೇ ಬರೆಸಬೇಕೆನ್ನುವ ನಾಲ್ಕಾರು ಹಟಮಾರಿಗಳು ಉಳಿದಿದ್ದಾರೆ, ಅವರ ಪುಣ್ಯದಿಂದ ನನ್ನ ಕುಂಚ ಒಣಗಿಲ್ಲ. ನಮ್ಮ ಕಸುಬಿನಲ್ಲಿ ಮೊದಲು ಇಡೀ ತಗಡಿಗೆ ಒಂದು ಕೋಟು ಬಣ್ಣ ಬಳಿಯಬೇಕು, ಅದು ಒಣಗಿದ ಮೇಲೆ ಬಿಳಿ ಅಕ್ಷರ ಬರೆಯಬೇಕು. ತಪ್ಪಾದರೆ ಮೇಲೊಂದು ಕೋಟು. ನನಗೆ ಬಾರದ ಬಣ್ಣವೇ ಇಲ್ಲ ಎಂದು ಮೆರೆಯುತ್ತಿದ್ದವನಿಗೆ ಕಲ್ಯಾಣದುರ್ಗದಿಂದ ನಮ್ಮಕ್ಕ ಫೋನ್ ಮಾಡಿ, "ಅಮ್ಮಂದು ಒಂದು ಚಿತ್ರ ಬರ್ದುಕೊಡೋ" ಅಂದಳು.

ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಎಡಗೆನ್ನೆಯಿಂದ ಗಲ್ಲದವರೆಗೆ ತೊನ್ನಿನ ಬಿಳಿ ಮಚ್ಚೆ ಇತ್ತು. ಹುಣಸೆಹಣ್ಣಿನ ಮಂಡಿಯಲ್ಲಿ ಬೀಜ ಬಿಡಿಸುವ ಕೆಲಸಕ್ಕೆ ಅದೇ ಮುಖದಲ್ಲಿ ರಾಜಾರೋಷವಾಗಿ ಹೋಗುತ್ತಿದ್ದಳು. ಈಗ ಅಕ್ಕನ ಕೆನ್ನೆಯಲ್ಲೂ ಮಚ್ಚೆ ಕಾಣಿಸಿಕೊಂಡಿತ್ತು. ಅಮ್ಮನ ಎದೆಗಾರಿಕೆ ಅವಳಿಗಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದವಳು ಬಾಗಿಲು ಹಾಕಿ, ಎಂಟು ತಿಂಗಳಿಂದ ಹೊಸಿಲು ದಾಟಿರಲಿಲ್ಲ. ಮನೆಯೊಳಗೂ ಸೆರಗು ಕೆನ್ನೆಗೆ ಅಡ್ಡ ಇರುತ್ತಿತ್ತು.

ಪೋಸ್ಟರ್ ಕಲರ್ ತಂದು ಬರೆದೆ. ಅದು ಗಟ್ಟಿ ಬಣ್ಣ, ಕೆಳಗಿರುವುದನ್ನು ಕಾಣದಂತೆ ಮುಚ್ಚುತ್ತದೆ. ಮಚ್ಚೆ ಬರೆಯಲಿಲ್ಲ, ಎರಡು ಕೆನ್ನೆಗೂ ಒಂದೇ ಬಣ್ಣ ಬಳಿದೆ. ಅಕ್ಕನಿಗೆ ಖುಷಿಯಾಗುತ್ತದೆ ಎಂದುಕೊಂಡು ಬಸ್ಸು ಹತ್ತಿದೆ. ಪೆನುಕೊಂಡ ದಾಟುವಾಗ ಪಕ್ಕದ ಸೀಟಿನವರಿಗೂ ಬಿಚ್ಚಿ ತೋರಿಸಿದೆ. ಎಂಥ ಪೆದ್ದ ನಾನು!

ಅಕ್ಕ ಚಿತ್ರ ನೋಡಿ, "ಇದ್ಯಾರ್ಲಾ?" ಅಂದಳು.

"ಅಮ್ಮ ಕಣಕ್ಕ."

"ಅಮ್ಮನ್ನೇ ಬಣ್ಣ ಬಳ್ದು ಮುಚ್ಬುಟ್ಟಲ್ಲೋ! ಬಾ, ನಂಗೂ ಒಂದು ಕೋಟು ಹೊಡ್ದು ಹೋಗು."

ಚಿತ್ರ ಸುತ್ತಿಕೊಂಡು ಊಟಕ್ಕೂ ಕೂರದೆ ಹೊರಟುಬಂದೆ. ದಾರಿಯುದ್ದಕ್ಕೂ ಅವಳ ಮೇಲೆ ಸಿಟ್ಟಿತ್ತು, ಹಿಂದೂಪುರ ಬರುವಷ್ಟರಲ್ಲಿ ಅದು ನನ್ನ ಮೇಲೆಯೇ ತಿರುಗಿತ್ತು.

ಅದೇ ಚಿತ್ರದ ಕೆನ್ನೆಗೆ ಬಿಳಿ ಬಣ್ಣ ಹಚ್ಚಿ, ನಮ್ಮ ಬೀದಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ತೋರಿಸಿದೆ. "ಸುಣ್ಣ ಮೆತ್ತಿದಂಗೈತೆ ಕಣಪ್ಪ" ಎಂದು ನಕ್ಕುಬಿಟ್ಟರು. "ನೀರು ಜಾಸ್ತಿ ಹಾಕಿ ತೆಳ್ಳಗೆ ಬಳಿಯೋ ಬಣ್ಣ ತಗೋ. ಅದ್ರಾಗೆ ಬಿಳಿ ಅಂದ್ರೆ ಬಣ್ಣ ಅಲ್ಲ, ಕಾಗದ. ಬಿಳಿ ಬೇಕಾದ ಕಡೆ ಕುಂಚಾನೇ ಇಡ್ಬ್ಯಾಡ."

ಹೇಳುವುದೇನೋ ಸುಲಭ, ಕೈ ಕೇಳಬೇಕಲ್ಲ! ಹಾಳೆ ಕಂಡ ಕೂಡಲೇ ಕೈ ತಾನಾಗಿ ಅಂಚಿನಿಂದ ಅಂಚಿಗೆ ಕೋಟು ಬಳಿದುಬಿಡುತ್ತಿತ್ತು. ಒಮ್ಮೆ ಬಳಿದ ಮೇಲೆ ಆ ಬಿಳಿ ಹೋದಂತೆಯೇ, ಎಷ್ಟು ಒರೆಸಿದರೂ ಮರಳಿ ಬಾರದು. ಮೂರು ಹಾಳೆ ಹಾಳಾದವು. "ಏಮಯ್ಯಾ, ಗೋಡೆ ಅನ್ಕೊಂಡ್ಯಾ?" ಎಂದು ಮೇಷ್ಟ್ರು ರೇಗಿಸಿದರು.

ನಾಲ್ಕನೆಯ ಹಾಳೆಯಲ್ಲಿ ಮೊದಲು ಪೆನ್ಸಿಲಿನಿಂದ ಮಚ್ಚೆಯ ಅಂಚು ಗುರುತು ಹಾಕಿಕೊಳ್ಳಲು ಕೂತೆ. ಮೊಬೈಲಿನಲ್ಲಿದ್ದ ಅಮ್ಮನ ಫೋಟೊ ಹಿಗ್ಗಿಸಿ ನೋಡಬೇಕಾಯಿತು. ಮಚ್ಚೆ ತುಟಿಯ ಹತ್ತಿರ ಕಿರಿದಾಗಿ, ಗಲ್ಲದ ಮೇಲೆ ಮತ್ತೆ ಅಗಲವಾಗಿತ್ತು. ಹುಟ್ಟಿದಾಗಿನಿಂದ ನೋಡಿದ ಮುಖ, ಆ ಜಾಗವನ್ನು ಮಾತ್ರ ಒಂದು ದಿನವೂ ನೆಟ್ಟಗೆ ನೋಡಿರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಆಮೇಲೆ ಸುತ್ತ ತೆಳುವಾಗಿ ಕಂದು ಬಣ್ಣ ಹರಿಸಿ, ಒಣಗಿದ ಮೇಲೆ ಇನ್ನೊಂದು ಸಲ ಹರಿಸಿದೆ. ಗಟ್ಟಿ ಬಣ್ಣದಲ್ಲಿ ಬೋರ್ಡಿನಂತೆ ಕೂತಿದ್ದ ಮುಖಕ್ಕೆ, ಒಳಗಿನಿಂದ ಕಾಗದ ಇಣುಕಿದ್ದೇ ಜೀವ ಬಂತು.

ಮತ್ತೆ ಕಲ್ಯಾಣದುರ್ಗಕ್ಕೆ ಹೋದೆ. ಅಕ್ಕ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಮ್ಮನ ಕೆನ್ನೆಯ ಮೇಲೆ ಬೆರಳಾಡಿಸಿದಳು.

"ಇಲ್ಲಿ ಬಣ್ಣಾನೇ ಇಲ್ವಲ್ಲೋ."

"ಇಲ್ಲ ಕಣಕ್ಕ. ಅಲ್ಲಿ ನಾನು ಏನೂ ಮಾಡಿಲ್ಲ, ಹಂಗೇ ಬಿಟ್ಟೀನಿ."

ಈ ಸಲ ಮುದ್ದೆ ಉಣ್ಣಿಸಿಯೇ ಬಿಟ್ಟಳು. ನಾನು ಚಪ್ಪಲಿ ಮೆಟ್ಟುವಾಗ, "ಇರ್ಲಾ, ಬಸ್ ಸ್ಟ್ಯಾಂಡ್ ಗಂಟ ಬತ್ತೀನಿ" ಎಂದು ಅಂಗಡಿಯ ಬೀಗದ ಕೈ ತೆಗೆದುಕೊಂಡಳು. ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಆ ಜನಜಂಗುಳಿಯ ನಡುವೆ ನಿಂತು ಕೈ ಬೀಸುತ್ತಿದ್ದಳು, ಸೆರಗು ಹೆಗಲ ಮೇಲೇ ಇತ್ತು.