ಕೌದಿ ಹಳೆಯದೋ ಹೊಸದೋ

ನನ್ನ ನೌಕರಿ ಎಂಥದೆಂದು ನಮ್ಮವ್ವನಿಗೆ ಕೊನೆತನಕ ಸರಿಯಾಗಿ ತಿಳಿಯಲಿಲ್ಲ. ಆಕೆ ಕಂಡದ್ದು ಬೈಲಹೊಂಗಲದ ಅಂಚಿನಲ್ಲಿ ಹಿಂದೊಮ್ಮೆ ಇದ್ದ ಜಕಾತಿ ನಾಕಾ ಒಂದೇ. ಹತ್ತಿ ಹೇರಿದ ಚಕ್ಕಡಿಗಳು ಅಲ್ಲಿ ನಿಲ್ಲುತ್ತಿದ್ದವು. ಟೊಪ್ಪಿಗೆ ಹಾಕಿದವನೊಬ್ಬ ಚೀಟಿ ಹರಿದು ಕೊಟ್ಟಮೇಲೆ ಅಡ್ಡ ಹಾಕಿದ ಬೊಂಬು ಮೇಲೇಳುತ್ತಿತ್ತು. ಹೀಗಾಗಿ ನಾನು ಮುಂಬೈ ಬಂದರಿನಲ್ಲಿ ಕಸ್ಟಮ್ಸ್ ಇಲಾಖೆ ಸೇರಿದಾಗ ಅವ್ವ ಓಣಿಯವರಿಗೆಲ್ಲ, "ನನ್ನ ಮಗಳು ಮುಂಬೈದಾಗ ಜಕಾತಿ ನಾಕಾ ನೋಡಕೋತಾಳ" ಎಂದು ಹೇಳಿಕೊಂಡು ಬಂದಳು. ನಮ್ಮ ಚಿಗವ್ವ ಮುಖಕ್ಕೇ ಕೇಳಿದಳು: "ಬೊಂಬು ಎತ್ತೂದು ಇಳಸೂದು ಮಾಡಾಕ ಅಷ್ಟು ಸಾಲಿ ಯಾಕ ಕಲತಿ?"

ನಾನು ಬೊಂಬು ಎತ್ತುತ್ತಿರಲಿಲ್ಲ. ಆದರೆ ಏನು ಮಾಡುತ್ತಿದ್ದೆ ಎಂದು ಹೇಳುವುದೂ ಸುಲಭವಿರಲಿಲ್ಲ. ಹಡಗಿನಿಂದ ಇಳಿದ, ಹಡಗಿಗೆ ಏರುವ ಪ್ರತಿಯೊಂದು ಸರಕಿಗೂ ಸರಕಾರದ ದಪ್ಪ ಪುಸ್ತಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಯಾವ ವಸ್ತು ಯಾವ ಸಂಖ್ಯೆಯ ಕೆಳಗೆ ಬರುತ್ತದೆ ಎಂದು ತೀರ್ಮಾನಿಸುವುದು ನನ್ನ ಕೆಲಸ. ಸುಂಕ, ಪರವಾನಗಿ, ತಡೆ ಎಲ್ಲವೂ ಆ ಸಂಖ್ಯೆಯ ಮೇಲೆ ನಿಂತಿರುತ್ತವೆ. ಅನುಮಾನ ಬಂದರೆ ಕೆಂಪು ಪೆನ್ಸಿಲಿನಲ್ಲಿ ಪ್ರಶ್ನೆ ಬರೆದು ಕಾಗದವನ್ನು ವಾಪಸು ಕಳಿಸುತ್ತಿದ್ದೆ. ಕಂಪನಿಗಳ ಗುಮಾಸ್ತರು ಉತ್ತರ ಹಿಡಿದುಕೊಂಡು ನನ್ನ ಕೋಣೆಯ ಹೊರಗೆ ಕೂತಿರುತ್ತಿದ್ದರು. ಕೆಲವರು ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು, ಮಾರನೆಯ ದಿನ ಮತ್ತೆ ಬರುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಮೊದಮೊದಲು ಅದರಲ್ಲಿ ಬರೆದದ್ದನ್ನೇ ಕಾಗದದಲ್ಲೂ ಬರೆಯುತ್ತಿದ್ದೆವು, ಯಾವುದನ್ನೂ ಪೂರಾ ನಂಬುತ್ತಿರಲಿಲ್ಲ. ನಿಧಾನವಾಗಿ ಕಾಗದ ಕರಗಿತು. ನೌಕರಿಯ ಕೊನೆಯ ವರ್ಷಗಳಲ್ಲಂತೂ ನಾನು ಮುಂಬೈಯಲ್ಲಿ ಕೂತು ಚೆನ್ನೈಗೆ ಬಂದ ಸರಕಿನ ಕಡತ ನೋಡುತ್ತಿದ್ದೆ. ತಂದವನಿಗೆ ನಾನು ಯಾರೆಂದು ಗೊತ್ತಿಲ್ಲ, ನನಗೂ ಅವನ ಮುಖ ಗೊತ್ತಿಲ್ಲ. ಹೊರಗೆ ಕೂರುವವರು ಇಲ್ಲವಾದ ಮೇಲೆ ಕಚೇರಿ ತೀರ ಸಪ್ಪಳವಿಲ್ಲದಂತಾಯಿತು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಬೇಜಾರಾಯಿತು, ಸ್ವಲ್ಪ ನೆಮ್ಮದಿಯೂ ಆಯಿತು. ನಮಸ್ಕಾರ ಮಾಡುವವರು ಹೋದರು, ಶಿಫಾರಸು ತರುವವರೂ ಹೋದರು.

ನಿವೃತ್ತಳಾಗಿ ಬೈಲಹೊಂಗಲಕ್ಕೆ ಬಂದು ಇನ್ನೂ ಮನೆಯ ಸುಣ್ಣ ಒಣಗಿರಲಿಲ್ಲ, ದೇಗಾಂವದಿಂದ ಅಕ್ಕನ ಫೋನ್ ಬಂತು.

"ತಂಗೀ, ನೀ ಕಸ್ಟಮ್ಸಿನಾಕಿ ಅಲ್ಲ? ನಮ್ಮ ಕೌದಿ ಹಾಲೆಂಡಿಗೆ ಹೋಗಬೇಕಾಗೈತಿ. ದಾಟಿಸಿ ಕೊಡು."

ಅಕ್ಕನನ್ನು ಕೊಟ್ಟಿದ್ದು ಕಿತ್ತೂರು ಹತ್ತಿರದ ದೇಗಾಂವಕ್ಕೆ. ಹೊಲದ ಕೆಲಸ ಮುಗಿಸಿ ಮಧ್ಯಾಹ್ನ ಕೌದಿ ಹೊಲಿಯುವುದು ಆಕೆಗೆ ಚಿಕ್ಕಂದಿನ ಚಾಳಿ. ಪಕ್ಕದ ಮನೆಯಲ್ಲಿ ಕುಪ್ಪಸ ಹೊಲಿಯುವ ಒಬ್ಬ ಮುಸ್ಲಿಂ ಹೆಣ್ಣುಮಗಳಿದ್ದಾಳೆ, ಊರೆಲ್ಲ ಆಕೆಯನ್ನು ಆಪಾ ಎಂದೇ ಕರೆಯುತ್ತದೆ. ಆಪಾಳ ಅಂಗಡಿಯಲ್ಲಿ ಉಳಿದ ಬಣ್ಣಬಣ್ಣದ ಚೂರು, ಅಕ್ಕನ ಪೆಟ್ಟಿಗೆಯ ಹಳೆಯ ಸೀರೆಗಳು, ಇವೆರಡೂ ಕೂಡಿ ಕೌದಿಯಾಗುತ್ತಿದ್ದವು. ಒಂದು ತುದಿಯಿಂದ ಅಕ್ಕ, ಇನ್ನೊಂದು ತುದಿಯಿಂದ ಆಪಾ, ನಡುವೆ ಊರಿನ ಸುದ್ದಿ.

ಒಂದು ದಿನ ಕಮಲನಾರಾಯಣ ಗುಡಿ ನೋಡಲು ಬಂದಿದ್ದ ಹಾಲೆಂಡಿನ ಗಂಡ ಹೆಂಡತಿ ಮಳೆಗೆ ಸಿಕ್ಕಿ ಅಕ್ಕನ ಮನೆಯ ಪಡಸಾಲೆಗೆ ಓಡಿ ಬಂದರಂತೆ. ಅಕ್ಕ ನಡುಗುತ್ತಿದ್ದ ಆ ಹೆಂಗಸಿಗೆ ಒಂದು ಕೌದಿ ಹೊದಿಸಿ ಚಹಾ ಕೊಟ್ಟಳು. ಮಳೆ ನಿಂತಿತು, ಚಹಾ ಮುಗಿಯಿತು, ಆಕೆ ಕೌದಿ ಬಿಡಲಿಲ್ಲ. ಅದರ ಹೊಲಿಗೆಯನ್ನು ಬೆರಳಿನಿಂದ ಸವರುತ್ತಾ ಕೂತುಬಿಟ್ಟಳು. ಆಕೆಗೆ ತನ್ನ ಊರಿನಲ್ಲಿ ಹಾಸಿಗೆ ಹೊದಿಕೆಯ ಅಂಗಡಿ ಇದೆ ಎಂಬುದನ್ನು ಅವರ ಕಾರಿನ ಡ್ರೈವರ್ ಕನ್ನಡದಲ್ಲಿ ತಿಳಿಸಿದ. ಹೋಗುವ ಮೊದಲು ಆಕೆ ಆಪಾಳ ಮೊಬೈಲ್ ನಂಬರು ಬರೆದುಕೊಂಡಳು. ಎರಡು ತಿಂಗಳ ನಂತರ ಆಪಾಳ ಮೊಬೈಲಿಗೆ ಸಂದೇಶ ಬಂತು: ಎಂಟು ಕೌದಿ ಬೇಕು.

ನಾನು ದೊಡ್ಡ ಠೀವಿಯಿಂದ, "ನೀವಿಬ್ರೂ ಹೊಲಿಯೂದಷ್ಟ ನೋಡ್ರಿ, ಉಳದದ್ದು ನಾ ನೋಡಕೋತೇನಿ" ಎಂದೆ. ಕಂಟೇನರುಗಟ್ಟಲೆ ಸರಕು ಬಿಟ್ಟುಕೊಟ್ಟವಳಿಗೆ ಎಂಟು ಕೌದಿ ಯಾವ ಲೆಕ್ಕ?

ಹೊಲಿದು ಮುಗಿದ ಎಂಟೂ ಕೌದಿ ಹೊತ್ತು ಬೈಲಹೊಂಗಲದ ಅಂಚೆ ಕಚೇರಿಗೆ ಹೋದ ಮೊದಲ ದಿನವೇ ನನ್ನ ಠೀವಿ ಇಳಿಯಿತು. ಈಗ ಸಣ್ಣ ರಫ್ತುದಾರರು ಬಂದರಿಗೆ ಹೋಗಬೇಕಾಗಿಲ್ಲ, ಅಂಚೆ ಕಚೇರಿಯಿಂದಲೇ ಪಾರ್ಸೆಲ್ ಕಳಿಸಬಹುದು. ಕಸ್ಟಮ್ಸಿನ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿದರೆ ಮುಗಿಯಿತು. ಇದನ್ನು ಇಲಾಖೆಯ ಸುತ್ತೋಲೆಯಲ್ಲಿ ಓದಿದ್ದೆ, ಆದರೆ ಮೇಜಿನ ಆ ಬದಿಯಲ್ಲಿ ಎಂದೂ ಕೂತಿರಲಿಲ್ಲ. ಬಂದ ಅರ್ಜಿ ನೋಡುವುದು ಗೊತ್ತಿತ್ತೇ ಹೊರತು ಅರ್ಜಿ ತುಂಬುವುದು ಗೊತ್ತಿರಲಿಲ್ಲ. ಪಾಸ್‌ವರ್ಡ್ ಎರಡು ಸಲ ತಪ್ಪು ಹಾಕಿದೆ. ಮೊಬೈಲಿಗೆ ಬಂದ ಸಂಖ್ಯೆಯನ್ನು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಅದರ ಅವಧಿ ಮುಗಿಯಿತು. ಅಂಚೆ ಕಚೇರಿಯ ಕೌಂಟರಿನಲ್ಲಿದ್ದ ಹೆಣ್ಣುಮಗಳು ಇದನ್ನೆಲ್ಲ ನೋಡಿ ಮೆಲ್ಲಗೆ ಕೇಳಿದಳು:

"ಮೇಡಂ, ನೀವು ಮೊದಲ ಎಲ್ಲಿ ಕೆಲಸ ಮಾಡತಿದ್ರಿ?"

"ಪರವೂರಾಗ" ಎಂದೆ. ಕಸ್ಟಮ್ಸ್ ಎನ್ನಲು ನಾಲಿಗೆ ಏಳಲಿಲ್ಲ.

ಅವಳೇ ಪಕ್ಕದಲ್ಲಿ ನಿಂತು ಒಂದೊಂದೇ ಖಾನೆ ತೋರಿಸಿದಳು. ಸರಕಿನ ವಿವರ ಬರೆಯುವ ಖಾನೆ ಬಂದಾಗ ಮಾತ್ರ ನನಗೆ ಧೈರ್ಯ ಬಂತು. ಇದು ನನ್ನ ಮನೆಯ ಅಂಗಳ. ಹೊದಿಕೆ, ಹತ್ತಿ ಬಟ್ಟೆಯದು, ಹಳೆಯ ಸೀರೆಗಳನ್ನು ಪದರವಾಗಿಟ್ಟು ಕೈಯಿಂದ ಹೊಲಿದದ್ದು ಎಂದು ಬರೆದು, ಸಂಖ್ಯೆ ಹಾಕಿ, ಪಾರ್ಸೆಲ್ ಒಪ್ಪಿಸಿ, ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಮೂರನೆಯ ದಿನ ಕಸ್ಟಮ್ಸಿನಿಂದ ಪ್ರಶ್ನೆ ಬಂತು. "ಸರಕು ಹೊಸದೋ, ಬಳಸಿದ್ದೋ? ಬಳಸಿದ ಬಟ್ಟೆಯಾದರೆ ಬೇರೆ ಸಂಖ್ಯೆ ಅನ್ವಯಿಸುತ್ತದೆ. ಸ್ಪಷ್ಟಪಡಿಸಿ."

ಅದನ್ನು ಓದಿ ಮೊದಲು ಸಿಟ್ಟು ಬಂತು, ಮರುಕ್ಷಣವೇ ನಗು ಬಂತು. ಪ್ರಶ್ನೆ ಸರಿಯಾಗಿತ್ತು. ಆ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಕೇಳಿಯೂ ಇದ್ದೆ. ನೌಕರಿಯ ಮೊದಲ ವರ್ಷ ಒಬ್ಬರು ಬಣ್ಣದ ಸಣ್ಣ ಕಟ್ಟಿಗೆಯ ಕುರ್ಚಿಗಳನ್ನು ತರಿಸಿದ್ದರು. ಅವು ಆಟಿಕೆಯೋ, ಮಕ್ಕಳು ಕೂರುವ ಪೀಠೋಪಕರಣವೋ ಎಂದು ನಾನು ಕೆಂಪು ಪೆನ್ಸಿಲಿನಲ್ಲಿ ಬರೆದು ಕೂತೆ. ಅವರ ಗುಮಾಸ್ತ ದಪ್ಪನೆಯ ವಯಸ್ಸಾದ ಮನುಷ್ಯ. ನಾಲ್ಕು ದಿನ ಅಲೆದಾಡಿ, ಐದನೆಯ ದಿನ ಒಂದು ಕುರ್ಚಿ ತಂದು ನನ್ನ ಮುಂದಿಟ್ಟು ಮರಾಠಿಯಲ್ಲಿ, "ಬಾಯಿಸಾಹೇಬರೇ, ಈಗ ನೋಡಿ" ಎಂದವನೇ ಅದರ ಮೇಲೆ ಕೂತೇಬಿಟ್ಟ. ಕುರ್ಚಿ ಲಟಕ್ಕನೆ ಮುರಿಯಿತು. ನೆಲದ ಮೇಲೆ ಕೂತಲ್ಲಿಂದಲೇ, "ಆಟಿಕೆ ಎಂದು ಬರೆದುಕೊಳ್ಳಿ" ಎಂದ. ಇಡೀ ಕೋಣೆ ನಕ್ಕಿತು, ನಾನೂ ನಕ್ಕೆ. ಆದರೆ ಆ ನಾಲ್ಕು ದಿನ ಅವನಿಗೆ ಏನಾಗಿತ್ತೆಂದು ನಾನು ಯೋಚಿಸಿದ್ದು ಈಗಲೇ, ನನ್ನ ಅಕ್ಕನ ಕೌದಿ ತಡೆದಾಗ.

ಸಂಜೆ ಒಂದು ಕೆಲಸ ಮಾಡಿದೆ, ಹೇಳಲು ಸಂಕೋಚವಾಗುತ್ತದೆ. ಇನ್ನೂ ನೌಕರಿಯಲ್ಲಿದ್ದ ಹಳೆಯ ಗೆಳತಿಗೆ ಫೋನ್ ಮಾಡಿ, ಈ ಕಡತ ಯಾರ ಬಳಿ ಇದೆ, ಒಂದು ಮಾತು ಹೇಳಬಹುದೇ ಎಂದು ಕೇಳಿದೆ. ಅವಳು ಗಟ್ಟಿಯಾಗಿ ನಕ್ಕಳು.

"ಶಿಫಾರಸು ತಂದವರನ್ನೆಲ್ಲ ಹೊರಗೆ ಕಳಿಸುತ್ತಿದ್ದವಳು ನೀನೇ ಅಲ್ಲವೇ? ಇದ್ದದ್ದು ಇದ್ದಹಾಗೆ ಉತ್ತರ ಬರಿ. ಕೇಳಿದವರು ತಿಳಿದವರೇ ಇರುತ್ತಾರೆ."

ಮಾರನೆಯ ದಿನ ಕಿತ್ತೂರಿನ ಬಸ್ಸು ಹತ್ತಿ ದೇಗಾಂವಕ್ಕೆ ಹೋದೆ. ಅಕ್ಕ ಮತ್ತು ಆಪಾ ಪಡಸಾಲೆಯಲ್ಲಿ ಇನ್ನೊಂದು ಕೌದಿ ಹಿಡಿದು ಕೂತಿದ್ದರು. ಪ್ರಶ್ನೆಯನ್ನು ಓದಿ ಹೇಳಿದೆ. ಅಕ್ಕನ ಸೂಜಿ ಅರ್ಧಕ್ಕೇ ನಿಂತಿತು.

"ಹಳೇವು? ಯಾರ ಅಂದಾರ ಹಳೇವು ಅಂತ?"

"ಯಾರೂ ಅಂದಿಲ್ಲ ಅಕ್ಕಾ, ಕೇಳ್ಯಾರ. ಸೀರಿ ಹಳೇವು ಹೌದಲ್ಲ?"

"ಸೀರಿ ಹಳೇವು. ಕೌದಿ ಹೊಸಾವು. ಹ್ವಾದ ವರ್ಷದ ಜ್ವಾಳದ ಹಿಟ್ಟಿಂದ ಇವತ್ತ ರೊಟ್ಟಿ ಬಡದ್ರ ಅದು ಹಳೀ ರೊಟ್ಟಿ ಏನು? ಆ ಎಂಟರಾಗ ಒಂದನ್ನರ ಯಾರರ ಹೊದ್ದಾರೇನು ಕೇಳು."

ಆಪಾ ಸೇರಿಸಿದಳು: "ಬಾಯಾರ, ಆ ಸೀರಿ ಇನ್ನ ಉಡಾಕ ಬರ್ತಾವೇನ್ರಿ? ನಡಕ ಕತ್ತರಿ ಹಾಕೇವಿ, ನಾಕು ಪದರ ಕೂಡಿಸೇವಿ. ಅದು ಹೆಂಗ ಬಟ್ಟಿ ಆಕ್ಕೈತ್ರಿ?"

ಮೂವತ್ತೈದು ವರ್ಷ ನಾನು ಬರೆದ ಟಿಪ್ಪಣಿಗಳಲ್ಲಿ ಇಷ್ಟು ನೇರವಾದ ವಾದ ಒಂದೂ ಇರಲಿಲ್ಲ. ಅಲ್ಲೇ ಕೂತು ಉತ್ತರ ಬರೆದೆ. ಬಳಸಿದ ಸೀರೆಗಳನ್ನು ತೊಳೆದು, ಕತ್ತರಿಸಿ, ಪದರಪದರವಾಗಿ ಜೋಡಿಸಿ ಹೊಲಿದ ಮೇಲೆ ಅವನ್ನು ಉಡುಪಾಗಿ ಬಳಸಲು ಬರುವುದಿಲ್ಲ. ಇದು ಹೊಸದಾಗಿ ತಯಾರಾದ ಹೊದಿಕೆ, ಯಾರೂ ಬಳಸಿಲ್ಲ ಎಂದೆ. ರೊಟ್ಟಿಯ ಮಾತನ್ನು ಬಿಡಲು ಮನಸ್ಸಾಗಲಿಲ್ಲ, ಕೊನೆಗೆ ಒಂದು ಸಾಲಿನಲ್ಲಿ ಅದನ್ನೂ ಸೇರಿಸಿದೆ. ಪಾರ್ಸೆಲ್ ಕಟ್ಟುವ ಮೊದಲು ತೆಗೆದಿಟ್ಟಿದ್ದ ಹೊಲಿಗೆಯ ಫೋಟೊಗಳನ್ನು ಆಪಾ ತನ್ನ ಮೊಬೈಲಿನಿಂದಲೇ ಏರಿಸಿದಳು. ನನಗೆ ಎರಡು ದಿನ ಬೇಕಾಗುತ್ತಿದ್ದ ಕೆಲಸ, ಆಕೆಯ ಒಲೆಯ ಮೇಲಿನ ಚಹಾ ಕುದಿಯುವುದರೊಳಗೆ ಆಗಿಹೋಯಿತು.

ಮರುದಿನ ಮಧ್ಯಾಹ್ನ ಒಪ್ಪಿಗೆಯ ಸಂದೇಶ ಬಂತು. ನಾನು ಫೋನ್ ಮಾಡಿ ತಿಳಿಸಿದಾಗ ಅಕ್ಕ ಖುಷಿಯಲ್ಲಿ ಕೂಗಿದಳು:

"ಆ ಸಾಹೇಬಗ ಒಂದು ಕೌದಿ ಕಳಸೂಣು!"

"ಅಯ್ಯ ಬ್ಯಾಡ! ಅದು ಲಂಚ ಆಕ್ಕೈತಿ."

"ಕೌದಿ ಲಂಚ ಹೆಂಗ ಆಕ್ಕೈತಿ? ಚಳಿಗಿ ಹೊಚ್ಚಗೋತಾರ."

"ಆಗ್ತೈತಿ ಅಕ್ಕಾ. ನಾ ಜೀವಮಾನ ಯಾರ ಕಡಿಂದನೂ ಹೊಸ ವರ್ಷದ ಒಂದು ಡೈರಿ ಸುದ್ದಾ ತಗೊಂಡಿಲ್ಲ."

"ಹಂಗಾರ ಈ ಕಡೆ ಬಂದಾಗ ಚಹಾಕ್ಕ ಬಾ ಅನ್ನು."

"ಯಾರಂತ ನನಗ ಗೊತ್ತಿಲ್ಲ."

"ಗಂಡಸೋ ಹೆಂಗಸೋ?"

"ಅದೂ ಗೊತ್ತಿಲ್ಲ."

ಅಕ್ಕ, "ಹೆಂಗಸಽ ಇರಬೇಕು. ರೊಟ್ಟಿ ಮಾತು ತಿಳೀತಲ್ಲ" ಎಂದಳು.

ಕೌದಿಗಳು ಮುಟ್ಟಿದವು. ಅಂಗಡಿಯ ಗಾಜಿನ ಹಿಂದೆ ಅಕ್ಕನ ಮದುವೆಯ ಹಸಿರು ಸೀರೆಯ ತುಂಡು ಕಾಣುವ ಫೋಟೊ ಬಂತು. ಅಕ್ಕ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿದಳು, ನನ್ನ ಭಾವನಿಗಂತೂ ದಿನಾ ತೋರಿಸಿದಳು. ಎರಡನೆಯ ಸಲ ಹೆಚ್ಚು ಕೌದಿ ಬೇಕೆಂದಾಗ ಅಕ್ಕನ ಪೆಟ್ಟಿಗೆ ಖಾಲಿಯಾಗಿತ್ತು. ನಾವು ಮೂವರೂ ಬಸ್ಸಿನಲ್ಲಿ ಯರಗಟ್ಟಿ ಮಾರ್ಗವಾಗಿ ರಾಮದುರ್ಗಕ್ಕೆ ಹೋಗಿ ಕೈಮಗ್ಗದ ನೇಕಾರರ ಮನೆಗಳಲ್ಲಿ ಉಳಿದ ತುಂಡುಗಳನ್ನು ಗಂಟು ಕಟ್ಟಿ ತಂದೆವು. ಬರುವಾಗ ಬಸ್ಸಿನಲ್ಲಿ ಸಿಕ್ಕ ಸವದತ್ತಿಯ ಇಬ್ಬರು ಹೆಂಗಸರು ಗಂಟಿನಲ್ಲೇನಿದೆ ಎಂದು ಕೇಳಿ, ನಾವೂ ಹೊಲಿಯುತ್ತೇವೆ ಎಂದು ಆಪಾಳ ನಂಬರು ಬರೆದುಕೊಂಡರು.

ಈಗ ಅರ್ಜಿ ತುಂಬುವವಳು ಆಪಾ. ಒಮ್ಮೆ ನಾನು ಸರಿ ಇದೆಯೇ ಎಂದು ಪ್ರತಿ ಖಾನೆಯನ್ನೂ ಪರೀಕ್ಷಿಸುತ್ತಾ ನಿಂತಾಗ ಕೌಂಟರಿನ ಹೆಣ್ಣುಮಗಳು, "ಸಿಟ್ಟಾಗಬ್ಯಾಡ್ರಿ ಮೇಡಂ, ನೀವು ಬರಲಿಲ್ಲಂದ್ರ ಕೆಲಸ ಲಗೂ ಮುಗೀತೈತಿ" ಎಂದಳು. ನಾನು ಕೌಂಟರಿಗೆ ಹೋಗುವುದನ್ನು ಬಿಟ್ಟೆ. ಆದರೂ ನನ್ನ ಕೆಲಸ ಪೂರಾ ಹೋಗಿಲ್ಲ. ಮೊನ್ನೆ ಆಪಾ ಅಲ್ಲಿಂದಲೇ ಫೋನ್ ಮಾಡಿದಳು. ಸವದತ್ತಿಯವರು ಕೂಸುಗಳಿಗೆ ಹಾಕುವ ಕುಂಚಿಗಿ ಹೊಲಿದು ಕೊಟ್ಟಿದ್ದರಂತೆ. ತಲೆಗೆ ಟೊಪ್ಪಿಗೆಯಂತೆ ಕೂತು, ಬೆನ್ನ ಮೇಲೆ ಅಂಗಿಯಂತೆ ಇಳಿಬೀಳುವಂಥದು.

"ಬಾಯಾರ, ಇದನ್ನ ಟೊಪ್ಪಿಗಿ ಅಂತ ಬರೀಲ್ಯೋ, ಅಂಗಿ ಅಂತ ಬರೀಲ್ಯೋ?"

ನಾನು ಆ ದಪ್ಪ ಪುಸ್ತಕದ ಹಳೆಯ ಪ್ರತಿಯನ್ನು ಕಪಾಟಿನಿಂದ ಇಳಿಸಿ, ಧೂಳು ಕೊಡವಿ, ಕನ್ನಡಕ ಹಾಕಿಕೊಂಡೆ. ಅರ್ಧ ತಾಸು ಪುಟ ತಿರುವಿದೆ. ಅಷ್ಟರಲ್ಲಿ ಕೌಂಟರಿನಲ್ಲಿ ಕಾಯುತ್ತಿದ್ದ ಆಪಾ ಮತ್ತೆ ಎರಡು ಸಲ ಫೋನ್ ಮಾಡಿದ್ದಳು.